ಗರಿಯಲ್ಲಿ ಕಟ್ಟಿದ ಮೀನು

ನಮ್ಮಮ್ಮ ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಹೆಸರಾದವಳು ಎಂದು ಬರೆಯಹೊರಟೆ, ಕೈ ತಡೆಯಿತು. ಹೆಸರೆಲ್ಲಿ ಆಯಿತು? ತೀರ್ಥಹಳ್ಳಿಯ ಆಚೀಚೆಯ ಹಳ್ಳಿಗಳಲ್ಲಿ ಮದುವೆ ಗೊತ್ತಾಯಿತೆಂದರೆ "ಜಡೆಗೆ ಅವರಿಗೆ ಹೇಳಿಕಳಿಸಿ" ಎನ್ನುತ್ತಿದ್ದರು. 'ಅವರು' ಎಂದರೆ ಅಮ್ಮ. ಅಷ್ಟೇ ಅವಳ ಹೆಸರು. ಮದುವೆಯ ಹಿಂದಿನ ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗು, ಬಾಳೆಪಟ್ಟೆ, ಕಪ್ಪು ದಾರ, ಒಂದಿಷ್ಟು ಜರಿ ಇಟ್ಟುಕೊಂಡು ಲಾಟೀನಿನ ಬೆಳಕಿನಲ್ಲಿ ಕೂತರೆ ಕೋಳಿ ಕೂಗುವ ಹೊತ್ತಿಗೆ ಜಡೆ ಮುಗಿಯುತ್ತಿತ್ತು. ಮೊಗ್ಗನ್ನು ಎರಡು ಬೆರಳ ನಡುವೆ ಹಿಡಿದು ದಾರ ಸುತ್ತುವಾಗ ಅವಳು ಮಾತಾಡುತ್ತಿರಲಿಲ್ಲ. ದಾರದ ತುದಿ ಹಲ್ಲಿನಲ್ಲಿ ಇರುತ್ತಿತ್ತಲ್ಲ!

ಮದುಮಗಳ ಬೆನ್ನು ಕನ್ನಡಿಯಲ್ಲಿ ಕಾಣುವಂತೆ ತೆಗೆದ ಫೋಟೋ ನಮ್ಮ ಕಡೆಯ ಎಲ್ಲ ಆಲ್ಬಮ್ಮುಗಳಲ್ಲೂ ಇದೆ. ಜಡೆ ಇದೆ. ಜಡೆ ಹೆಣೆದವಳು ಯಾವ ಫೋಟೋದಲ್ಲೂ ಇಲ್ಲ. ಅವಳು ಆ ಹೊತ್ತಿಗೆ ಅಡಿಗೆ ಮನೆಯಲ್ಲಿರುತ್ತಿದ್ದಳು.

ಇದೆಲ್ಲ ನನಗೆ ನೆನಪಾದದ್ದು ಊರಲ್ಲಿ ಅಲ್ಲ, ಹದಿಮೂರು ಸಾವಿರ ಕಿಲೋಮೀಟರ್ ಆಚೆ, ಅಮೆರಿಕದ ಮೇನ್ ರಾಜ್ಯದಲ್ಲಿ, ಒಂದು ಮೀನಿನ ಗಾಳದ ಮುಂದೆ ನಿಂತಾಗ.

ಅಕ್ಕನ ಮಗಳು ಬಾಸ್ಟನ್ನಿನಲ್ಲಿದ್ದಾಳೆ. ಅವಳ ಗಂಡನಿಗೆ ಮೀನು ಹಿಡಿಯುವ ಹುಚ್ಚು. ಹಿಡಿದು ಮನೆಗೆ ತಂದರೆ ಒಂದು ಮಾತು, ಈ ಪುಣ್ಯಾತ್ಮ ಹಿಡಿದು ಮುಟ್ಟಿ ನೋಡಿ ಮತ್ತೆ ನೀರಿಗೇ ಬಿಡುತ್ತಾನೆ. ನಾನು ಹೋಗಿದ್ದಾಗ ಒಂದು ವಾರದ ರಜೆ ಹಾಕಿ ನಮ್ಮನ್ನೆಲ್ಲ ಉತ್ತರಕ್ಕೆ, ರೇಂಜ್ಲಿ ಎಂಬ ಸರೋವರಗಳ ಸೀಮೆಗೆ ಕರೆದುಕೊಂಡು ಹೋದ. ಅಲ್ಲಿ ಓಕ್ವಾಸಕ್ ಎಂಬ ಪುಟ್ಟ ಊರಿನಲ್ಲಿ ಮೀನುಗಾರಿಕೆ, ಬೇಟೆಗಳ ಇತಿಹಾಸ ಹೇಳುವ ಒಂದು ಮ್ಯೂಸಿಯಂ. ಮೀನು ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೆ ಎಂದುಕೊಳ್ಳುತ್ತ ಒಳಗೆ ಹೋದವಳು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ.

ಒಳಗಿದ್ದದ್ದು ಬೆರಳುದ್ದದ ಒಂದು ವಸ್ತು. ಉಕ್ಕಿನ ಮುಳ್ಳಿಗೆ ಕಿತ್ತಳೆ ಬಣ್ಣದ ರೇಷ್ಮೆ ಸುತ್ತಿ, ಅದರ ಮೇಲೆ ಬೆಳ್ಳಿ ಜರಿ ಓರೆಯಾಗಿ ಸುತ್ತಿತ್ತು. ಮೇಲೆ ಬೂದು ಬಣ್ಣದ ನೀಳ ಗರಿಗಳು, ಕೆಳಗೆ ನವಿಲುಗರಿಯ ಎಳೆ. ತಲೆಯ ಪಕ್ಕದಲ್ಲಿ ಕಣ್ಣಿನ ಹಾಗೆ ಒಂದು ಸಣ್ಣ ಗರಿ, ಕಪ್ಪು ನೆಲದ ಮೇಲೆ ಮೇಣದ ಹನಿ ಬಿದ್ದಂತೆ ಹೊಳೆಯುವ ಬಿಳಿ ಚುಕ್ಕೆಯದು.

"ಇದು ನಮ್ಮ ಕಾಡುಕೋಳಿಯದು!" ಎಂದೆ. ಜೋರಾಗಿಯೇ ಅಂದಿರಬೇಕು, ಪಕ್ಕದವರು ತಿರುಗಿ ನೋಡಿದರು.

"ಏನು ಚಿಕ್ಕಮ್ಮ, ಅಮೆರಿಕದ ಕೋಳಿಯನ್ನೂ ತೀರ್ಥಹಳ್ಳಿಗೆ ಸೇರಿಸಿದಿರಾ?" ಎಂದು ಅಕ್ಕನ ಮಗಳು ನಕ್ಕಳು. ಅವಳ ಗಂಡ ನಗಲಿಲ್ಲ. "ಅವರು ಹೇಳುವುದು ಸರಿ ಕಣೆ. ಅದು ದಕ್ಷಿಣ ಭಾರತದ ಹಕ್ಕಿಯದೇ ಗರಿ" ಎಂದ. ಆಮೇಲೆ ಕಥೆ ಹೇಳಿದ. ಉಳಿದದ್ದನ್ನು ನಾನು ಓದಿ ತಿಳಿದುಕೊಂಡೆ.

ಟ್ರೌಟ್ ಎಂಬುದು ತಣ್ಣೀರಿನ ಮೀನು. ನಮ್ಮ ತುಂಗೆ ಭದ್ರೆಯರಲ್ಲಿ ಅದಿಲ್ಲ. ಬ್ರಿಟಿಷರು ತಂದು ಬಿಟ್ಟದ್ದರಿಂದ ಕಾಶ್ಮೀರದ ಹೊಳೆಗಳಲ್ಲಿ, ನೀಲಗಿರಿಯ ಮೇಲಿನ ನೀರಿನಲ್ಲಿ ಇದೆ. ಇದನ್ನು ಹಿಡಿಯಲು ಯುರೋಪಿನವರು ನೂರಾರು ವರ್ಷಗಳಿಂದ ಬಳಸುತ್ತ ಬಂದದ್ದು ಹುಸಿನೊಣ. ಎರೆಹುಳ ಸಿಕ್ಕಿಸುವ ಬದಲು ಗಾಳದ ಮುಳ್ಳಿಗೆ ಗರಿ, ಉಣ್ಣೆ, ರೇಷ್ಮೆ ಕಟ್ಟಿ ನೀರಿನ ಮೇಲೆ ಹಾರುವ ಹುಳುವಿನ ಹಾಗೆ ಮಾಡುವುದು. ಇಂಗ್ಲಿಷಿನಲ್ಲಿ ಗಾಳ ಹಾಕುವುದರ ಬಗ್ಗೆ ಅಚ್ಚಾದ ಮೊದಲ ಬರಹ 1496ರದು. ಅದರಲ್ಲಿ ಇಂಥ ಹನ್ನೆರಡು ಹುಸಿನೊಣಗಳನ್ನು ಕಟ್ಟುವ ವಿವರ ಇದೆ. ಅದನ್ನು ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂದು ಬಹುಕಾಲ ನಂಬಿದ್ದರು. ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ, ಅಂಥವಳೊಬ್ಬಳು ಇದ್ದಳೇ ಎಂದೇ ಅನುಮಾನಿಸುತ್ತಾರೆ. ನಮ್ಮ ಕಡೆ ಹೆಂಗಸರಿದ್ದರು, ಹೆಸರಿರಲಿಲ್ಲ. ಅಲ್ಲಿ ಹೆಸರಿದೆ, ಹೆಂಗಸೇ ಇರಲಿಲ್ಲವೇನೋ!

ಆದರೆ ಈ ನೊಣಗಳನ್ನು ಕಟ್ಟುತ್ತಿದ್ದ ಕೈಗಳು ಬಹಳಷ್ಟು ಹೆಂಗಸರವೇ. ಅಮೆರಿಕದ ವರ್ಮಾಂಟಿನಲ್ಲಿ ಗಾಳದ ಸಾಮಾನು ಮಾರುತ್ತಿದ್ದ ಚಾರ್ಲ್ಸ್ ಆರ್ವಿಸ್ ಎಂಬಾತನ ಮಗಳು ಮೇರಿ ಆರ್ವಿಸ್ ಮಾರ್ಬರಿ 1870ರ ದಶಕದಿಂದಲೇ ಹುಸಿನೊಣ ಕಟ್ಟುವ ಹುಡುಗಿಯರ ಒಂದು ಕೆಲಸದ ಮನೆಯನ್ನು ನೋಡಿಕೊಳ್ಳುತ್ತಿದ್ದಳು. ಆ ಕಾಲಕ್ಕೆ ಒಂದೇ ನೊಣಕ್ಕೆ ಊರಿಗೊಂದು ಹೆಸರು. ಗಿರಾಕಿ ಒಂದು ಕೇಳಿದರೆ ಅಂಗಡಿಯವರು ಇನ್ನೊಂದು ಕಳಿಸುತ್ತಿದ್ದರು. ಮೇರಿ ದೇಶದ ಉದ್ದಗಲದ ಮೀನುಗಾರರ ಕಾಗದಗಳನ್ನು ಕೂಡಿಸಿ 1892ರಲ್ಲಿ ಬಣ್ಣದ ಚಿತ್ರಗಳಿರುವ ದಪ್ಪ ಪುಸ್ತಕವೊಂದನ್ನು ತಂದಳು. ನೊಣಗಳಿಗೆ ಖಾಯಂ ಹೆಸರು ಬಂತು. ಕಟ್ಟಿದ ಹುಡುಗಿಯರಿಗೆ ಕೂಲಿ ಬಂತು.

ಇನ್ನು ರೇಂಜ್ಲಿಯ ಕಥೆ. ಅಲ್ಲಿಯ ಮೀನು ಬ್ರೂಕ್ ಟ್ರೌಟ್. ಬೇರೆ ಕಡೆ ಈ ಮೀನು ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. 1860ರ ದಶಕದಲ್ಲಿ ಜಾರ್ಜ್ ಪೇಜ್ ಎಂಬ ಶ್ರೀಮಂತರು ರೇಂಜ್ಲಿಯಿಂದ ಐದು, ಆರು, ಎಂಟು ಪೌಂಡಿನ ಟ್ರೌಟ್‌ಗಳನ್ನು ನ್ಯೂಯಾರ್ಕಿಗೆ ತಂದು ತೋರಿಸಿದಾಗ ಜನ ನಂಬಲಿಲ್ಲ. ಕೊನೆಗೆ ಹಾರ್ವರ್ಡಿನ ಜೀವಶಾಸ್ತ್ರಜ್ಞ ಲೂಯಿ ಅಗಾಸಿಯವರು ಇದು ಬ್ರೂಕ್ ಟ್ರೌಟೇ ಹೌದು ಎಂದ ಮೇಲೆ ಬಾಯಿ ಮುಚ್ಚಿದರು. ಅಲ್ಲಿಂದ ಶುರುವಾಯಿತು ನೋಡಿ, ಶ್ರೀಮಂತರ ದಂಡು, ಹೋಟೆಲು, ಮೀನುಗಾರರ ಸಂಘ.

ಅಲ್ಲಿಯ ಮೀನು ಮಾತ್ರ ಅಷ್ಟು ದೊಡ್ಡದಾದದ್ದು ಏಕೆ? ಮನೆಯ ಹೆಂಗಸಿಗೆ ಉತ್ತರ ಬೇಗ ಹೊಳೆಯುತ್ತದೆ. ಊಟದಿಂದ. ಟ್ರೌಟ್ ಮರಿಯಾಗಿದ್ದಾಗ ಹುಳುಹುಪ್ಪಟೆ ತಿನ್ನುತ್ತದೆ. ಬೆಳೆಯುತ್ತ ಬಂದಂತೆ ನೊಣ ಸಾಲುವುದಿಲ್ಲ. ಒಂದೊಂದೇ ನೊಣ ಹಿಡಿಯಲು ಓಡಾಡಿ ಸವೆಯುವ ಶಕ್ತಿ, ಅದನ್ನು ತಿಂದು ಬರುವ ಶಕ್ತಿಗಿಂತ ಹೆಚ್ಚಾಗುತ್ತದೆ. ಆಗ ಅದು ಸಣ್ಣ ಮೀನನ್ನು ತಿನ್ನಲು ತೊಡಗುತ್ತದೆ. ನಮ್ಮ ಹಿರಿಯರು ಮತ್ಸ್ಯನ್ಯಾಯ ಎಂದದ್ದು ಇದನ್ನೇ. ಸಣ್ಣ ಮೀನು ಧಾರಾಳವಾಗಿ ಸಿಗುವ ನೀರಿನಲ್ಲಿ ಮಾತ್ರ ಟ್ರೌಟ್ ಹಿರಿದಾಗುತ್ತದೆ. ರೇಂಜ್ಲಿಯಲ್ಲಿ ಹಾಗೆ ಸಿಗುತ್ತಿದ್ದದ್ದು ಬ್ಲೂಬ್ಯಾಕ್ ಎಂಬ ಇನ್ನೊಂದು ಮೀನು. ನೀಲಿ ಬೆನ್ನಿನ, ಗೇಣುದ್ದದ ಈ ಮೀನು ವರ್ಷವಿಡೀ ಸರೋವರದ ಆಳದಲ್ಲಿದ್ದು, ಅಕ್ಟೋಬರಿನ ಚಳಿ ಬಿದ್ದಾಗ ಮೊಟ್ಟೆಯಿಡಲು ತೊರೆಗಳಿಗೆ ಹಿಂಡುಹಿಂಡಾಗಿ ಏರಿ ಬರುತ್ತಿತ್ತು. ನಮ್ಮಲ್ಲಿ ಮುಂಗಾರಿನ ಮೊದಲ ಮಳೆಗೆ ಮೀನು ಹತ್ತಿ ಗದ್ದೆಗೆ ಬಂದಾಗ ಕೂಣಿ ಹಿಡಿದು ಓಡುತ್ತಾರಲ್ಲ, ಹಾಗೆ ಅಲ್ಲಿಯ ಜನ ಬಲೆಯಲ್ಲಿ ಮೊಗೆದು ಪೀಪಾಯಿಗಳಲ್ಲಿ ಉಪ್ಪು ಹಾಕಿಡುತ್ತಿದ್ದರಂತೆ.

ಇಷ್ಟಿದ್ದರೂ ಸಾಲಲಿಲ್ಲ. ಬಂದ ಅತಿಥಿಗಳಿಗೆ ಇನ್ನೂ ಒಂದು ಬಗೆಯ ಮೀನು ಇರಲಿ ಎಂದು 1870ರ ದಶಕದಲ್ಲಿ ಸಾಲ್ಮನ್ ಮೀನನ್ನು ತಂದು ಬಿಟ್ಟರು. ಸಾಲ್ಮನ್ನಿಗೆ ತಿನ್ನಲು ಬೇಕಲ್ಲ ಎಂದು 1890ರ ದಶಕದಲ್ಲಿ ಸ್ಮೆಲ್ಟ್ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನನ್ನು ಬಿಟ್ಟರು. ಇಪ್ಪತ್ತನೆಯ ಶತಮಾನ ಹುಟ್ಟಿ ನಾಲ್ಕೈದು ವರ್ಷವಾಗುವುದರೊಳಗೆ ರೇಂಜ್ಲಿಯ ಬ್ಲೂಬ್ಯಾಕ್ ಕಾಣೆಯಾಯಿತು. ಅದರ ಶಾಸ್ತ್ರೀಯ ಹೆಸರಿನಲ್ಲಿ ಓಕ್ವಾಸಕ್ ಸೀಮೆಯ ಹೆಸರಿದೆ, ಮೀನು ಮಾತ್ರ ಆ ಸೀಮೆಯಲ್ಲಿಲ್ಲ. ಮೇನ್ ರಾಜ್ಯದ ದೂರದ ಕೆಲವು ಕೊಳಗಳಲ್ಲಷ್ಟೇ ಉಳಿದಿದೆ. ಹಳೆಯ ಊಟ ಹೋಯಿತು, ಟ್ರೌಟ್ ಏನು ಮಾಡೀತು? ಹೊಸ ಸೊಸೆ ಬಂದ ಮೇಲೆ ಹೊಸ ರುಚಿಗೆ ಹೊಂದಿಕೊಂಡ ಅತ್ತೆಯ ಹಾಗೆ ಸ್ಮೆಲ್ಟ್ ತಿನ್ನುವುದನ್ನು ಕಲಿಯಿತು.

ಮೀನಿನ ತಟ್ಟೆಯಲ್ಲಿ ಆದ ಈ ಬದಲಾವಣೆಯನ್ನು ಗರಿಯಲ್ಲಿ ಕಟ್ಟಿಕೊಟ್ಟವಳು ಕ್ಯಾರಿ ಸ್ಟೀವನ್ಸ್.

ಕ್ಯಾರಿ 1882ರಲ್ಲಿ ಮೇನ್‌ನಲ್ಲೇ ಹುಟ್ಟಿದವಳು. ಕಸುಬು ಹೆಂಗಸರ ಟೋಪಿಗೆ ಅಲಂಕಾರ ಮಾಡುವುದು. ಗಂಡ ವಾಲೆಸ್, ಮೀನು ಹಿಡಿಯಲು ಬರುವ ಪಟ್ಟಣದವರಿಗೆ ದಾರಿ ತೋರುವ ಗೈಡು. ಎರಡು ದೊಡ್ಡ ಸರೋವರಗಳ ನಡುವೆ, ಮರದ ದಿಮ್ಮಿ ತೇಲಿಬಿಡುವುದಕ್ಕೆಂದು ಕಟ್ಟಿದ್ದ ಅಪ್ಪರ್ ಡ್ಯಾಮ್ ಎಂಬ ಅಣೆಕಟ್ಟಿನ ಪಕ್ಕದಲ್ಲಿ ಅವರ ಪುಟ್ಟ ಮನೆ. ಅಣೆಯ ಬಾಗಿಲುಗಳಿಂದ ನೀರು ಧುಮುಕುವ ಮಡು ಮನೆಯಿಂದ ಕೂಗಳತೆಯಲ್ಲೇ ಇತ್ತು.

ಟೋಪಿಯ ಅಲಂಕಾರವೆಂದರೆ ಆ ಕಾಲಕ್ಕೆ ಗರಿ. ಬರೀ ಗರಿಯಲ್ಲ, ಇಡೀ ಹಕ್ಕಿಯನ್ನೇ ಟೋಪಿಯ ಮೇಲೆ ಕೂರಿಸುತ್ತಿದ್ದರು. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು ನ್ಯೂಯಾರ್ಕಿನ ಅಂಗಡಿ ಬೀದಿಯಲ್ಲಿ ಎರಡು ಮಧ್ಯಾಹ್ನ ಅಡ್ಡಾಡಿ ಲೆಕ್ಕ ಹಾಕಿದರು. 700 ಟೋಪಿಗಳಲ್ಲಿ 542ಕ್ಕೆ ಗರಿ! ಕೊಕ್ಕರೆಗಳ ಬೀಡುಬೀಡೇ ಬರಿದಾಗುತ್ತಿತ್ತು. ಇದನ್ನು ತಡೆಯಲು ಎದ್ದು ನಿಂತವರೂ ಹೆಂಗಸರೇ. ಬಾಸ್ಟನ್ನಿನ ಹ್ಯಾರಿಯಟ್ ಹೆಮೆನ್‌ವೇ, ಮಿನ್ನಾ ಹಾಲ್ ಎಂಬ ಇಬ್ಬರು 1896ರಲ್ಲಿ ಗೆಳತಿಯರನ್ನು ಚಹಾಕ್ಕೆ ಕರೆದು, ಗರಿಯ ಟೋಪಿ ಬಿಡಿರೆಂದು ಒಪ್ಪಿಸುತ್ತ ಒಂದು ಸಂಘವನ್ನೇ ಕಟ್ಟಿದರು. 1918ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆ ಕಾನೂನು ಬಂತು.

ಹೀಗೆ ಗರಿಯ ಕಾಲ ಮುಗಿಯುತ್ತ ಬಂದಾಗ ಕ್ಯಾರಿಯ ಕೈಯಲ್ಲಿ ಗರಿಯ ವಿದ್ಯೆ ಉಳಿದಿತ್ತು. ಅವರ ಪರಿಚಯದ ಶಾಂಗ್ ವ್ಹೀಲರ್ ಎಂಬಾತ, ನೊಣದಂಥದ್ದಲ್ಲ, ಸಣ್ಣ ಮೀನಿನಂಥದ್ದನ್ನು ಗರಿಯಲ್ಲಿ ಕಟ್ಟಲು ಆಕೆಯನ್ನು ಹುರಿದುಂಬಿಸಿದ. ಇಂಥ ನೀಳ ಗರಿಯ ಗಾಳಕ್ಕೆ ಸ್ಟ್ರೀಮರ್ ಎಂದು ಹೆಸರು. ಕಟ್ಟುವುದನ್ನು ಆಕೆಗೆ ಯಾರೂ ಕಲಿಸಲಿಲ್ಲ. ಎಲ್ಲರೂ ಮುಳ್ಳನ್ನು ಇಕ್ಕಳದಲ್ಲಿ ಬಿಗಿದು ಎರಡು ಕೈಯಲ್ಲಿ ಕಟ್ಟಿದರೆ, ಕ್ಯಾರಿ ಕೊನೆಯವರೆಗೂ ಮುಳ್ಳನ್ನು ಬೆರಳುಗಳ ನಡುವೆ ಹಿಡಿದೇ ಕಟ್ಟಿದಳು. ಅಮ್ಮ ಮೊಗ್ಗು ಹಿಡಿಯುತ್ತಿದ್ದ ಹಾಗೆ.

1924ರ ಜುಲೈ 1. ಮನೆಗೆಲಸ ಅರ್ಧ ಆಗಿತ್ತು. ಅದನ್ನು ಅಲ್ಲಿಗೇ ಬಿಟ್ಟು ಕ್ಯಾರಿ ಒಂದು ಹೊಸ ಸ್ಟ್ರೀಮರ್ ಕಟ್ಟಿ ಮುಗಿಸಿ, ಕಟ್ಟಿದ್ದು ಹೇಗಿದೆ ನೋಡೋಣವೆಂದು ಮಡುವಿಗೆ ಹೋದಳು. ಸಿಕ್ಕಿದ್ದು 6 ಪೌಂಡ್ 13 ಔನ್ಸಿನ, ಎಂದರೆ ಮೂರು ಕಿಲೋದಷ್ಟಿದ್ದ, ಎರಡು ಅಡಿ ಉದ್ದದ ಬ್ರೂಕ್ ಟ್ರೌಟ್. 'ಫೀಲ್ಡ್ ಅಂಡ್ ಸ್ಟ್ರೀಮ್' ಪತ್ರಿಕೆಯ ಆ ವರ್ಷದ ಸ್ಪರ್ಧೆಯಲ್ಲಿ ಅದಕ್ಕೆ ಎರಡನೆಯ ಬಹುಮಾನ ಬಂತು. ಮೀನು ಹಿಡಿದವಳು ಹೆಂಗಸು, ಗಾಳವನ್ನು ಕಟ್ಟಿದವಳೂ ಆಕೆಯೇ ಎಂದು ತಿಳಿದ ಮೇಲೆ ದೇಶದ ಮೂಲೆಮೂಲೆಯಿಂದ ಕಾಗದಗಳು. "ನಮಗೂ ಅಂಥದ್ದೇ ಕಟ್ಟಿಕೊಡಿ."

ಆ ಅರ್ಧ ಬಿಟ್ಟ ಮನೆಗೆಲಸದ ಮಾತನ್ನು ಈ ಕಥೆ ಹೇಳುವವರೆಲ್ಲ ಮರೆಯದೆ ಹೇಳುತ್ತಾರೆ. ಗಂಡಸೊಬ್ಬ ದೊಡ್ಡ ಮೀನು ಹಿಡಿದರೆ ಅವನ ಮನೆಯ ಪಾತ್ರೆ ತೊಳೆದಿತ್ತೇ ಎಂದು ಇತಿಹಾಸ ಕೇಳುವುದಿಲ್ಲ. ಆದರೂ ನನಗೆ ಆ ವಿವರ ಇಷ್ಟ. ಹೊರಗಿನ ಕೆಲಸ ಕರೆದಾಗ ಒಳಗಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಆ ದಿನದ ಗಾಳ, ಆಕೆಯ ಅತ್ಯಂತ ಹೆಸರುವಾಸಿಯಾದ ಗ್ರೇ ಗೋಸ್ಟ್, ಅಂದರೆ 'ಬೂದು ಭೂತ' ಎಂದೇ ಬಹಳ ಜನ ಬರೆದಿದ್ದಾರೆ. ಅವಳ ಬದುಕನ್ನು ಕೆದಕಿ ನೋಡಿದವರು ಹಾಗಲ್ಲ, ಅಂದಿನದು ಶಾಂಗ್ ವ್ಹೀಲರ್ ಹೆಸರಿನ ಬೇರೊಂದು ಗಾಳ, ಗ್ರೇ ಗೋಸ್ಟ್ ಹುಟ್ಟಿದ್ದು ಆಮೇಲೆ ಎನ್ನುತ್ತಾರೆ. ಒಳ್ಳೆಯ ಕಥೆಗೆ ಒಳ್ಳೆಯ ಹೆಸರೇ ಬೇಕೆಂದು ಜನ ಎರಡನ್ನೂ ಸೇರಿಸಿಬಿಟ್ಟರು.

ಗಾಜಿನ ಪೆಟ್ಟಿಗೆಯಲ್ಲಿ ನಾನು ಕಂಡದ್ದು ಗ್ರೇ ಗೋಸ್ಟ್. ಒಣಗಿದ್ದಾಗ ಅದು ಗೊಂಬೆಯ ಟೋಪಿಯಿಂದ ಕಿತ್ತ ಕುಚ್ಚಿನಂತೆ ಕಾಣುತ್ತದೆ. ನೀರಿಗೆ ಬಿದ್ದೊಡನೆ ಗರಿಗಳೆಲ್ಲ ಕೂಡಿ ಒಂದಾಗುತ್ತವೆ. ಬೂದು ಗರಿ ಸ್ಮೆಲ್ಟಿನ ಬೆನ್ನಾಗುತ್ತದೆ, ಬೆಳ್ಳಿ ಜರಿ ಹೊಟ್ಟೆಯ ಮಿಂಚಾಗುತ್ತದೆ. ಸೆಳವಿನಲ್ಲಿ ಗರಿ ಉಸಿರಾಡುತ್ತದೆ. ಬೆಳ್ಳಿ ಫೆಸಂಟಿನ ಗರಿ ಕೆನ್ನೆಯಾಗುತ್ತದೆ. ಕಾಡುಕೋಳಿಯ ಚುಕ್ಕೆ ಕಣ್ಣಾಗುತ್ತದೆ. ಅಡಗಿ ಕೂತ ದೊಡ್ಡ ಟ್ರೌಟ್ ಮೊದಲು ನೋಡುವುದು ಆ ಕಣ್ಣನ್ನು ಎನ್ನುವವರಿದ್ದಾರೆ.

ಈ ಕಾಡುಕೋಳಿ ನಮ್ಮ ಘಟ್ಟದ ಬೂದು ಕಾಡುಕೋಳಿ. ಭಾರತ ಬಿಟ್ಟು ಬೇರೆಲ್ಲೂ ಅದರ ತವರಿಲ್ಲ. ಹುಂಜದ ಕತ್ತಿನ ಗರಿಯಲ್ಲಿ ಮಾತ್ರ ಈ ಮೇಣದ ಹನಿ ಇರುವುದು. ಮಂಗಳೂರಿನಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ನಮ್ಮ ಹೊಳೆಗಳಲ್ಲಿ ಗಾಳ ಹಾಕುವುದನ್ನು ವಿವರಿಸಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಮಾಡಿಸಿದ. ಬಿಳಿಯರ ಗಾಳ ಇಲ್ಲಿಗೆ ಬಂದಂತೆ ನಮ್ಮ ಕಾಡುಕೋಳಿಯ ಗರಿ ಹಡಗು ಹತ್ತಿ ಅಲ್ಲಿಗೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಸಾಲ್ಮನ್ ಗಾಳಗಳಿಗೆಲ್ಲ ಅದು ಬೇಕೇ ಬೇಕಾಗಿತ್ತು. ಬಾಸ್ಟನ್ನಿನ ಹೆಂಗಸರು ತಮ್ಮ ಕೊಕ್ಕರೆಗಳನ್ನು ಉಳಿಸಿಕೊಂಡರು, ನಮ್ಮ ಕಾಡುಕೋಳಿಯ ಪರವಾಗಿ ಚಹಾಕ್ಕೆ ಕರೆಯುವವರು ಆಗ ಯಾರಿದ್ದರು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಬೇಟೆ, ವ್ಯಾಪಾರ ನಿಂತವು. ಈಗ ಗರಿ ಬೇಕಾದವರು ಹೊರದೇಶದಲ್ಲಿ ಸಾಕಿದ ಹಕ್ಕಿಗಳಿಂದ ಪಡೆಯುತ್ತಾರೆ, ಇಲ್ಲವೇ ಬಣ್ಣ ಬಳಿದ ನಕಲಿ ಗರಿಯಲ್ಲಿ ತೃಪ್ತಿಪಡುತ್ತಾರೆ.

ನಮ್ಮ ಮನೆಯೇನೂ ಪಾಪದಿಂದ ಹೊರತಲ್ಲ. ನಾನು ಚಿಕ್ಕವಳಿದ್ದಾಗ ಅಜ್ಜಯ್ಯ ಉರುಳು ಹಾಕಿ ಕಾಡುಕೋಳಿ ತರುತ್ತಿದ್ದರು. ಸಾರು ಎಲ್ಲರಿಗೂ, ಗರಿ ಅಮ್ಮನಿಗೆ. ಆ ಹೊಳೆಯುವ ಗರಿಗಳನ್ನು ಆರಿಸಿ ದಾರದುಂಡೆಗಳ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದಳು. "ಇದನ್ನು ಯಾವುದಕ್ಕಾದರೂ ಹಾಕಬೇಕು ಕಣೆ. ಎಷ್ಟು ಚೆಂದ ಇದೆ" ಎನ್ನುತ್ತಿದ್ದಳು. ಯಾವುದಕ್ಕೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಭೂಮಿಯ ಇನ್ನೊಂದು ಬದಿಯಲ್ಲಿ ಇನ್ನೊಬ್ಬಳಿಗೆ ಹೊಳೆದಿತ್ತು.

ಕ್ಯಾರಿ ತಾನು ಕಟ್ಟಿದ ಪ್ರತಿ ಗಾಳವನ್ನೂ ತನ್ನ ಹೆಸರು ಅಚ್ಚಾಗಿದ್ದ ಕಾರ್ಡಿಗೆ ಸಿಕ್ಕಿಸಿ ಮಾರುತ್ತಿದ್ದಳು. ಗಾಳದ ತಲೆಗೆ ಸುತ್ತಿದ ಕಪ್ಪು ದಾರದ ನಡುವೆ ಬೇರೆ ಬಣ್ಣದ ಒಂದು ಸಣ್ಣ ಪಟ್ಟಿ ಹಾಕುತ್ತಿದ್ದಳು. ಅದು ಆಕೆಯ ರುಜು. ಕಟ್ಟುವುದನ್ನು ನೋಡಲು ಸುಲಭಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಹೀಗೆ ಸುಮಾರು ಮೂವತ್ತು ವರ್ಷ ಕಟ್ಟಿ, 1953ರಲ್ಲಿ ವ್ಯಾಪಾರವನ್ನು ಬೇರೆಯವರಿಗೆ ಮಾರಿದಳು. 1970ರಲ್ಲಿ ತೀರಿಕೊಂಡಳು. ಅದೇ ವರ್ಷ ಅಪ್ಪರ್ ಡ್ಯಾಮಿನಲ್ಲಿ ಆಕೆಯ ಹೆಸರಿನ ಕಂಚಿನ ಫಲಕ ಹಾಕಿದರು. ಈಗ ಆಕೆಯ ಕೈಯದೇ ಎಂದು ಖಾತ್ರಿಯಾದ ಗಾಳವನ್ನು ನೀರಿಗೆ ಯಾರೂ ಹಾಕುವುದಿಲ್ಲ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಮೊಗ್ಗಿನ ಜಡೆಗೆ ಆ ಭಾಗ್ಯವಿಲ್ಲ ನಿಜ. ಸಂಜೆಗೆ ಬಾಡುವ ಜಡೆಯನ್ನು ಯಾವ ಮ್ಯೂಸಿಯಮ್ಮಿನಲ್ಲಿ ಇಡಲು ಬಂದೀತು? ಆದರೆ ಬಾಡಿದ್ದು ಜಡೆ ಮಾತ್ರ ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ. ನನ್ನ ಮದುವೆಗೆ ನಾನು ಅಮ್ಮನ ಜಡೆ ಬೇಡವೆಂದಿದ್ದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಮುತ್ತಿನ ಸಿದ್ಧ ಜಡೆ ಬಂದಿತ್ತು. ಕಾಲೇಜಿನ ಗೆಳತಿಯರೆಲ್ಲ ಅದನ್ನೇ ಹಾಕಿಕೊಂಡಿದ್ದರು. "ಹಳ್ಳಿಯವರ ಹಾಗೆ ಹೂವಿನದು ಯಾಕಮ್ಮ, ನೀನು ಸುಮ್ಮನೆ ರಾತ್ರಿಯೆಲ್ಲ ನಿದ್ದೆಗೆಡುತ್ತಿ" ಎಂದೆ. ಅವಳು "ಆಯ್ತು ಮಗ" ಎಂದಳು. ಆ ರಾತ್ರಿಯೂ ಅವಳು ಮಲಗಲಿಲ್ಲ, ಚಪ್ಪರದ ಕಂಬಕ್ಕೆ ಹೂವಿನ ಮಾಲೆ ಕಟ್ಟುತ್ತ ಕೂತಿದ್ದಳು ಎಂದು ಆಮೇಲೆ ಅತ್ತಿಗೆ ಹೇಳಿದರು.

ಅಮೆರಿಕದಿಂದ ಬಂದ ಮೇಲೆ ಊರಿಗೆ ಹೋದೆ. ಅಮ್ಮ ತೀರಿಕೊಂಡು ಆಗಲೇ ಏಳು ವರ್ಷ. ಬಿಸ್ಕತ್ತಿನ ಡಬ್ಬಿ ಅಟ್ಟದಲ್ಲಿತ್ತು, ದಾರ ಇತ್ತು, ಗರಿಗಳನ್ನು ಹುಳು ತಿಂದಿತ್ತು. ಹನಿಯಂಥ ಚುಕ್ಕೆಗಳು ಮಾತ್ರ ಡಬ್ಬಿಯ ತಳದಲ್ಲಿ ಅಲ್ಲಲ್ಲಿ ಹೊಳೆಯುತ್ತಿದ್ದವು. ಅವನ್ನು ಹಾಗೇ ಬಿಟ್ಟು, ಪೆನ್ನು ಹಿಡಿದುಕೊಂಡು ನೆಂಟರ ಮನೆಗಳಿಗೆ ಹೊರಟೆ. ಎಲ್ಲೆಲ್ಲಿ ಆಲ್ಬಮ್ ಸಿಕ್ಕಿತೋ ಅಲ್ಲೆಲ್ಲ ಕನ್ನಡಿಯ ಮುಂದಿನ ಮದುಮಗಳ ಫೋಟೋ ತೆಗೆದು ಹಿಂದೆ ಬರೆದೆ, 'ಜಡೆ ಹೆಣೆದವರು' ಎಂದು, ಅದರ ಮುಂದೆ ಅಮ್ಮನ ಪೂರ್ತಿ ಹೆಸರು.

ಚಿಕ್ಕಪ್ಪನ ಮಗಳು ತನ್ನ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. "ಅವತ್ತು ನಿಮ್ಮಮ್ಮನಿಗೆ ಜ್ವರ ಇತ್ತು ಕಣೆ. ಕೈ ನಡುಗುತ್ತಿತ್ತು. ಆದರೂ ಒಂದು ಮೊಗ್ಗೂ ಸಾಲು ತಪ್ಪಿಲ್ಲ ನೋಡು" ಎಂದಳು. ನೋಡಿದೆ. ತಪ್ಪಿರಲಿಲ್ಲ.